ಮೂತ್ರದ ಬಣ್ಣ ಬದಲಾದಾಗ: ಏನನ್ನು ಗಮನಿಸಬೇಕು, ಯಾವಾಗ ತಡಮಾಡಬಾರದು

ಪ್ರಯೋಗಾಲಯದ ಮೇಜಿನ ಮೇಲೆ ಎರಡು ಗಾಜಿನ ನಳಿಕೆಗಳು. ಎರಡರಲ್ಲೂ ಕೆಂಪು ಮೂತ್ರ. ಚೀಟಿ ಅಂಟಿಸದಿದ್ದರೆ ಯಾವುದು ಯಾರದೆಂದು ಹೇಳಲಾಗದಷ್ಟು ಹೋಲಿಕೆ. ಯಂತ್ರದಲ್ಲಿಟ್ಟು ಐದು ನಿಮಿಷ ಗಿರಗಿರನೆ ತಿರುಗಿಸಿ ಹೊರತೆಗೆದಾಗ ಒಂದರ ತಳದಲ್ಲಿ ರಕ್ತಕಣಗಳು ಕೆಂಪು ಗುಂಡಿಯಂತೆ ಕುಳಿತಿದ್ದವು, ಮೇಲಿನ ದ್ರವ ಒಣಹುಲ್ಲಿನ ಬಣ್ಣಕ್ಕೆ ತಿಳಿಯಾಗಿತ್ತು. ಇನ್ನೊಂದು ಮೇಲಿನಿಂದ ಕೆಳಗಿನವರೆಗೆ ಹಾಗೆಯೇ ಕೆಂಪಾಗಿ ಉಳಿದಿತ್ತು. ಮೊದಲನೆಯದು ರಕ್ತ, ಎರಡನೆಯದು ಬೀಟ್‌ರೂಟ್.

ಬೀಟ್‌ರೂಟ್ ತಿಂದವರು ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಾಗುತ್ತಲೇ ಓಡಿಬಂದಿದ್ದರು. ರಕ್ತ ಹೋಗುತ್ತಿದ್ದವರು ನೋವೇನೂ ಇಲ್ಲವಲ್ಲ ಎಂದುಕೊಂಡು ಮೂರು ತಿಂಗಳು ಸುಮ್ಮನಿದ್ದರು. ಮೂತ್ರ ಪರೀಕ್ಷೆಯ ಕೆಲಸದಲ್ಲಿ ನನ್ನನ್ನು ಇಷ್ಟು ಕಾಡಿದ ಸಂಗತಿ ಬೇರೊಂದಿಲ್ಲ. ಹೆದರಬೇಕಾದಲ್ಲಿ ಹೆದರದೆ, ಹೆದರಬೇಕಿಲ್ಲದಲ್ಲಿ ಹೆದರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಂಪು ಎಲ್ಲಿಂದ ಬಂತೆಂದು ಕಣ್ಣಳತೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ, ನಿಜ. ಆದರೆ ಅದು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಜೊತೆಗೆ ಮತ್ತೇನಿತ್ತು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅದನ್ನು ನೀವೇ ಗಮನಿಸಬೇಕು. ಹೇಗೆಂದು ಹಂತಹಂತವಾಗಿ ಹೇಳುತ್ತೇನೆ.

ಮುಂದೆ ಓದುವ ಮೊದಲು

ಕೆಳಗಿನವುಗಳಲ್ಲಿ ಒಂದಾದರೂ ಇದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ.

- ಮೂತ್ರದಲ್ಲಿ ರಕ್ತದ ಗರಣೆಗಳು ಬರುತ್ತಿವೆ, ಅಥವಾ ಗರಣೆ ಅಡ್ಡಬಂದು ಮೂತ್ರ ಕಟ್ಟಿಕೊಂಡಿದೆ.
- ಚಳಿಜ್ವರ, ಜೊತೆಗೆ ಪಕ್ಕೆಯಲ್ಲಿ ಅಥವಾ ಬೆನ್ನಿನ ಕೆಳಭಾಗದಲ್ಲಿ ನೋವು. ಕಲ್ಲು ಅಡ್ಡಸಿಕ್ಕಿ ಅದರ ಹಿಂದೆ ಸೋಂಕು ತುಂಬಿಕೊಂಡಿದ್ದರೆ ಗಂಟೆಗಳ ಲೆಕ್ಕದಲ್ಲಿ ಪರಿಸ್ಥಿತಿ ಕೈಮೀರಬಹುದು.
- ವಿಪರೀತ ದೈಹಿಕ ಶ್ರಮ, ಬಿಸಿಲಿನ ಆಘಾತ ಅಥವಾ ಸ್ನಾಯುಗಳು ಜಜ್ಜಿಹೋದ ಅಪಘಾತದ ನಂತರ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ.
- ಕಣ್ಣು ಹಳದಿಯಾಗಿದೆ, ಮೂತ್ರ ಕಂದಾಗಿದೆ, ಜೊತೆಗೆ ಮಂಪರು, ತಡೆಯಿಲ್ಲದ ವಾಂತಿ ಅಥವಾ ಗೊಂದಲದ ಮಾತು ಇದೆ.
- ಇಡೀ ದಿನದಲ್ಲಿ ಮೂತ್ರ ಬಂದೇ ಇಲ್ಲ ಎನ್ನುವಷ್ಟು ಕಡಿಮೆಯಾಗಿದೆ. ವಯಸ್ಕರಲ್ಲಿ 24 ಗಂಟೆಗೆ 400 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಅದು ಅಪಾಯದ ಗುರುತು.

ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ, ಕಾರಣ ಏನೇ ಇರಲಿ, ಕಾದು ನೋಡುವುದು ಬೇಡ. ಅದೇ ದಿನ ವೈದ್ಯರಿಗೆ ತೋರಿಸಿ.

ಹಂತ 1: ಸರಿಯಾಗಿ ನೋಡಿ

ಶೌಚಾಲಯದ ಬೋಗುಣಿಯಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಅಲ್ಲಿ ನಿಂತ ನೀರಿರುತ್ತದೆ, ನೀಲಿ ಶುಚಿಕಾರಕ ಇರಬಹುದು, ದೀಪದ ಬೆಳಕು ಹಳದಿಯಾಗಿರಬಹುದು. ಒಂದು ಪಾರದರ್ಶಕ ಲೋಟ ಅಥವಾ ಸೀಸೆಯಲ್ಲಿ ಮೂತ್ರ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು, ಹಗಲಿನ ಬೆಳಕಿನಲ್ಲಿ ನೋಡಿ. ಬಣ್ಣ ಯಾವುದು, ತಿಳಿಯಾಗಿದೆಯೋ ಮಬ್ಬಾಗಿದೆಯೋ, ನೊರೆ ನಿಲ್ಲುತ್ತದೆಯೋ, ತಳದಲ್ಲಿ ಏನಾದರೂ ಕೂರುತ್ತದೆಯೋ ಎಂಬ ನಾಲ್ಕು ಸಂಗತಿಗಳು ಸಾಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಸಂಕೋಚ ಬೇಡ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಣ್ಣ ಮಾಮೂಲಿಗೆ ಬಂದಿದ್ದರೆ ವೈದ್ಯರ ಮುಂದೆ ಆ ಚಿತ್ರವೇ ಸಾಕ್ಷಿ.

ಕೆಂಪು ಕಂಡಿದ್ದರೆ ಇನ್ನೊಂದನ್ನೂ ಗಮನಿಸಿ. ಕೆಂಪು ಶುರುವಿನಲ್ಲಿ ಮಾತ್ರ ಬಂದು ನಂತರ ತಿಳಿಯಾದರೆ ರಕ್ತ ಮೂತ್ರದ್ವಾರದ ಹತ್ತಿರದ್ದಿರಬಹುದು. ಕೊನೆಯ ಹನಿಗಳಲ್ಲಿ ಮಾತ್ರ ಕಂಡರೆ ಮೂತ್ರಕೋಶದ ಕೊರಳು ಅಥವಾ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕಡೆಯದ್ದಿರಬಹುದು. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಕೆಂಪಾಗಿದ್ದರೆ ಮೂತ್ರಕೋಶ ಅಥವಾ ಅದಕ್ಕೂ ಮೇಲೆ, ಕಿಡ್ನಿಯವರೆಗೆ ಎಲ್ಲಿಂದಲಾದರೂ ಬಂದಿರಬಹುದು. ಮಹಿಳೆಯರು ಮುಟ್ಟಿನ ರಕ್ತ ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹಂತ 2: ಹಿಂದಿನ ಎರಡು ದಿನಗಳನ್ನು ನೆನಪಿಸಿಕೊಳ್ಳಿ

ಏನು ತಿಂದಿರಿ, ಯಾವ ಮಾತ್ರೆ ನುಂಗಿದಿರಿ, ಎಷ್ಟು ನೀರು ಕುಡಿದಿರಿ, ರೂಢಿಯಿಲ್ಲದ ವ್ಯಾಯಾಮ ಮಾಡಿದಿರಾ ಎಂದು ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಬೀಟ್‌ರೂಟ್ ತಿಂದ ಎಲ್ಲರ ಮೂತ್ರವೂ ಕೆಂಪಾಗುವುದಿಲ್ಲ. ಅದರ ಬಣ್ಣದ ಅಂಶ ಕೆಲವರ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ, ಇನ್ನು ಕೆಲವರಲ್ಲಿ ಹಾಗೆಯೇ ಹೊರಬರುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಇದು ಹೆಚ್ಚು. ಒಂದೆರಡು ದಿನ ಅದನ್ನು ಬಿಟ್ಟರೆ ಬಣ್ಣ ಹೋಗಬೇಕು. ಹೋಗದಿದ್ದರೆ ಬೀಟ್‌ರೂಟಿನ ಮೇಲೆ ತಪ್ಪು ಹೊರಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಔಷಧಗಳ ಪಟ್ಟಿ ಇನ್ನೂ ಉದ್ದ. ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವ ರೈಬೋಫ್ಲೇವಿನ್ ಮೂತ್ರವನ್ನು ಕಣ್ಣುಕುಕ್ಕುವ ಹಳದಿ ಮಾಡುತ್ತದೆ. ಉರಿಮೂತ್ರಕ್ಕೆ ಕೊಡುವ ಫಿನಾಜೋಪಿರಿಡಿನ್ ಕಿತ್ತಳೆ ಬಣ್ಣ ಕೊಡುತ್ತದೆ. ನೈಟ್ರೋಫ್ಯೂರಾಂಟಾಯಿನ್ ಮತ್ತು ಮೆಟ್ರೋನಿಡಜೋಲ್‌ನಿಂದ ಕಂದು ಛಾಯೆ ಬರಬಹುದು.

ಕ್ಷಯರೋಗದ ಔಷಧ ರಿಫಾಂಪಿಸಿನ್ ಬಗ್ಗೆ ಮಾತ್ರ ಬಿಡಿಸಿ ಹೇಳಲೇಬೇಕು. ಇದು ಮೂತ್ರ, ಬೆವರು, ಕಣ್ಣೀರನ್ನೂ ಕಿತ್ತಳೆಗೆಂಪು ಮಾಡುತ್ತದೆ. ಮೃದು ಕಾಂಟ್ಯಾಕ್ಟ್ ಲೆನ್ಸ್‌ಗೆ ಕಲೆ ಹಿಡಿಸುತ್ತದೆ. ಬಣ್ಣ ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವ, ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಹಾಗೆಂದು ಆ ಮಾತ್ರೆ ತೆಗೆದುಕೊಳ್ಳುವವರು ಎಲ್ಲ ಬದಲಾವಣೆಯನ್ನೂ ಅದರ ಲೆಕ್ಕಕ್ಕೇ ಹಾಕಬಾರದು. ಮೂತ್ರ ದಟ್ಟ ಕಂದಾಗಿ, ಊಟ ಸೇರದೆ, ವಾಕರಿಕೆ ಬಂದು, ಕಣ್ಣು ಹಳದಿಯಾದರೆ ಔಷಧವು ಯಕೃತ್ತಿಗೆ ಪೆಟ್ಟು ಕೊಡುತ್ತಿರಬಹುದು. ಆಗ ಅದೇ ದಿನ ವೈದ್ಯರನ್ನು ಕಾಣಬೇಕು.

ಹಂತ 3: ಹಳದಿಯ ಏರಿಳಿತವನ್ನು ನೀರಿನಿಂದ ಪರೀಕ್ಷಿಸಿ

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಅವುಗಳ ಬಣ್ಣದ ವಸ್ತು ಹಲವು ರೂಪ ತಾಳಿ ಕೊನೆಗೆ ಯೂರೋಬಿಲಿನ್ ಆಗಿ ಮೂತ್ರಕ್ಕೆ ಬರುತ್ತದೆ. ಆ ಬಣ್ಣ ಎಷ್ಟು ನೀರಿನಲ್ಲಿ ಕರಗಿದೆ ಎಂಬುದರ ಮೇಲೆ ತಿಳಿಹಳದಿಯೋ ಕಡುಹಳದಿಯೋ ಆಗುತ್ತದೆ. ಬೆಳಗಿನ ಮೊದಲ ಮೂತ್ರ ಗಾಢವಾಗಿರುವುದು ಸಹಜ. ಹಗಲಿನಲ್ಲೂ ಕಡುಹಳದಿಯಾಗಿದ್ದರೆ ಎರಡು ಮೂರು ಲೋಟ ನೀರು ಕುಡಿದು ಮೂರು ನಾಲ್ಕು ಗಂಟೆ ಬಿಟ್ಟು ನೋಡಿ. ತಿಳಿಯಾದರೆ ನೀರು ಸಾಲದೇ ಹೋಗಿತ್ತು, ಅಷ್ಟೇ. ಹೃದಯ ಅಥವಾ ಕಿಡ್ನಿಯ ತೊಂದರೆಗಾಗಿ ನೀರಿಗೆ ಮಿತಿ ಹೇಳಿಸಿಕೊಂಡವರು ಈ ಪ್ರಯೋಗ ಮಾಡಬಾರದು.

ನೀರಿನಂತೆ ಬಣ್ಣವೇ ಇಲ್ಲದ ಮೂತ್ರ ಆರೋಗ್ಯದ ಗುರುತೆಂದು ಹಲವರು ತಿಳಿದಿದ್ದಾರೆ. ಹೆಚ್ಚು ನೀರು ಕುಡಿದಾಗ ಹಾಗಾಗುವುದುಂಟು. ಆದರೆ ದಾಹ ತೀರದೆ, ರಾತ್ರಿ ಮತ್ತೆ ಮತ್ತೆ ಎದ್ದು, ದಿನಕ್ಕೆ 3 ಲೀಟರ್‌ಗಿಂತ ಹೆಚ್ಚು ಹೋಗುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಮಧುಮೇಹಕ್ಕೆ ಆ ಹೆಸರು ಬಂದದ್ದೇ ಮೂತ್ರದ ಸಿಹಿಯಿಂದ.

ಹಂತ 4: ಕಂದು ಬಣ್ಣವಾದರೆ ಮಲದ ಬಣ್ಣವನ್ನೂ ನೋಡಿ

ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಮೊದಲೇ ಮೂತ್ರ ಕಂದಾಗುವುದುಂಟು. ಕರುಳಿಗೆ ಹೋಗಬೇಕಾದ ಬಿಲಿರುಬಿನ್ ಎಂಬ ಪಿತ್ತದ ಬಣ್ಣದ ವಸ್ತು ರಕ್ತಕ್ಕೆ ಹಿಂತಿರುಗಿ ಕಿಡ್ನಿಯ ಮೂಲಕ ಹೊರಬರುತ್ತದೆ. ಸೀಸೆಯನ್ನು ಕುಲುಕಿದರೆ ನೊರೆಯೂ ಹಳದಿಯಾಗಿರುತ್ತದೆ. ಬರೀ ನೀರು ಕಡಿಮೆಯಾಗಿ ಗಾಢವಾದ ಮೂತ್ರದಲ್ಲಿ ನೊರೆ ಬಿಳಿಯೇ. ಮಲ ಸುಣ್ಣದಂತೆ ಬಿಳಿಚಿಕೊಂಡು ಮೈ ತುರಿಸುತ್ತಿದ್ದರೆ ಪಿತ್ತನಾಳದಲ್ಲಿ ತಡೆ ಇರಬಹುದು.

ಇಲ್ಲಿ ಹಸುಗೂಸುಗಳ ತಾಯಂದಿರಿಗೆ ಒಂದು ಮಾತು. ಎಳೆಯ ಮಗುವಿನ ಮೂತ್ರಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರಬಾರದು. ಹುಟ್ಟಿದ 14 ದಿನಗಳ ನಂತರವೂ ಕಾಮಾಲೆ ಇಳಿಯದೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತಿದ್ದು, ಮಲ ಬಿಳಿಚಿದ್ದರೆ ಒಂದು ದಿನವೂ ಕಾಯಬೇಡಿ. ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ ಅದಾಗಿದ್ದರೆ ಶಸ್ತ್ರಚಿಕಿತ್ಸೆಯ ಫಲ ಮಗುವಿಗೆ 60 ದಿನ ತುಂಬುವ ಮೊದಲು ಮಾಡಿದಾಗಲೇ ಚೆನ್ನಾಗಿರುತ್ತದೆ. ಎಳೆಯ ಮಕ್ಕಳಿಗೆ ಕಾಮಾಲೆ ಸಾಮಾನ್ಯ, ತಾನಾಗಿ ಹೋಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಬಹುತೇಕ ಮಕ್ಕಳಿಗೆ ಆ ಮಾತು ನಿಜ. ಬಿಳಿಚಿದ ಮಲದ ಮಗುವಿಗೆ ಮಾತ್ರ ಆ ಸಮಾಧಾನವೇ ಮುಳುವಾಗಬಹುದು. ಇದಕ್ಕೆ ಪ್ರತಿಯಾಗಿ, ಮೊದಲ ಕೆಲವು ದಿನ ಡೈಪರಿನಲ್ಲಿ ಕಾಣುವ ನಸುಗೆಂಪಿನ ಇಟ್ಟಿಗೆ ಪುಡಿಯಂಥ ಕಲೆ ಸಾಮಾನ್ಯವಾಗಿ ಯೂರಿಕ್ ಆಮ್ಲದ ಹರಳು. ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಮಗುವನ್ನು ತೋರಿಸಲು ಹೋದಾಗ ವೈದ್ಯರಿಗೆ ಅದನ್ನೂ ಹೇಳಿ.

ಕಂದು ಬಣ್ಣಕ್ಕೆ ಯಕೃತ್ತೊಂದೇ ಕಾರಣವಲ್ಲ. ರೂಢಿಯಿಲ್ಲದವರು ಒಮ್ಮೆಗೇ ಮೈಮುರಿಯುವ ವ್ಯಾಯಾಮ ಮಾಡಿದಾಗ ಸ್ನಾಯುಗಳು ಒಡೆದು ಮಯೋಗ್ಲೋಬಿನ್ ಎಂಬ ವಸ್ತು ಮೂತ್ರಕ್ಕೆ ಇಳಿಯುತ್ತದೆ. ಸ್ನಾಯುಗಳು ಊದಿ, ನೋಯುತ್ತವೆ, ಕೈಕಾಲು ಸೋಲುತ್ತವೆ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಯ ಪರೀಕ್ಷೆ ರಕ್ತವಿದೆ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ರಕ್ತಕಣವೂ ಕಾಣುವುದಿಲ್ಲ. ಈ ವಸ್ತು ಕಿಡ್ನಿಯನ್ನೇ ಕೆಡಿಸಬಲ್ಲದು. ಆದ್ದರಿಂದಲೇ ಇದನ್ನು ತುರ್ತು ಪಟ್ಟಿಗೆ ಸೇರಿಸಿದ್ದೇನೆ. ತೀವ್ರ ಮಲೇರಿಯಾದಲ್ಲಿ ಮತ್ತು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಪ್ರೈಮಾಕ್ವಿನ್‌ನಂಥ ಮಲೇರಿಯಾ ಔಷಧ ತೆಗೆದುಕೊಂಡಾಗ ರಕ್ತಕಣಗಳೇ ಒಡೆದು ಇದೇ ಬಣ್ಣ ಬರಬಹುದು. ಆಗ ಮುಖ ಬಿಳಿಚಿಕೊಂಡು, ವಿಪರೀತ ಸುಸ್ತಾಗುತ್ತದೆ.

ಮಕ್ಕಳಲ್ಲಿ ಇನ್ನೊಂದು ಬಗೆಯಿದೆ. ಗಂಟಲು ನೋವು ಬಂದು ಹೋಗಿ ಒಂದರಿಂದ ಮೂರು ವಾರ ಕಳೆದಿರುತ್ತದೆ. ಎಲ್ಲರೂ ಅದನ್ನು ಮರೆತಿರುತ್ತಾರೆ. ಒಂದು ಬೆಳಿಗ್ಗೆ ಮಗು ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ, ಮೂತ್ರ ಕಡಿಮೆಯಾಗಿ ಕೋಲಾ ಬಣ್ಣಕ್ಕೆ ತಿರುಗಿರುತ್ತದೆ. ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಕಿಡ್ನಿಯ ಸೋಸುವ ಭಾಗ ಉರಿಯೂತಕ್ಕೆ ಒಳಗಾದ ಲಕ್ಷಣ ಇದು. ಚರ್ಮದ ಹುಣ್ಣಿನಿಂದಾದರೆ ಈ ಅಂತರ ಆರು ವಾರದವರೆಗೂ ಇರಬಹುದು. ಮಗುವಿನ ರಕ್ತದೊತ್ತಡವನ್ನು ತಪ್ಪದೆ ಅಳೆಸಬೇಕು.

ಹಂತ 5: ಕೆಂಪು ಕಂಡರೆ, ಒಮ್ಮೆ ಕಂಡರೂ ಸರಿ

ಒಂದು ಲೀಟರ್ ಮೂತ್ರದಲ್ಲಿ ಒಂದೇ ಮಿಲಿಲೀಟರ್ ರಕ್ತ ಬೆರೆತರೂ ಬಣ್ಣ ಕಣ್ಣಿಗೆ ಕಾಣಿಸುತ್ತದೆ. ಆದ್ದರಿಂದ ಲೋಟ ಕೆಂಪಾಗಿದೆ ಎಂದಮಾತ್ರಕ್ಕೆ ರಕ್ತವೆಲ್ಲ ಹರಿದುಹೋಯಿತೆಂದು ಹೆದರಬೇಕಿಲ್ಲ. ಉರಿ, ಪದೇ ಪದೇ ಅವಸರ, ಕೆಟ್ಟ ವಾಸನೆ ಜೊತೆಗಿದ್ದರೆ ಮೂತ್ರಕೋಶದ ಸೋಂಕು ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ, ಕೂತಲ್ಲಿ ಕೂರಲು ಬಿಡದ ನೋವಿದ್ದರೆ ಕಲ್ಲು ಇರಬಹುದು. ದೂರದ ಓಟದ ನಂತರ ಕಾಣುವ ರಕ್ತ ಸಾಮಾನ್ಯವಾಗಿ 72 ಗಂಟೆಯೊಳಗೆ ನಿಲ್ಲುತ್ತದೆ. ನಿಂತಿದೆಯೆಂದು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ನೋವಿಲ್ಲದ ಕೆಂಪು. ಉರಿಯಿಲ್ಲ, ಜ್ವರವಿಲ್ಲ, ಒಂದು ದಿನ ಕೆಂಪಾಗಿ ಹೋಗುತ್ತದೆ, ಮರುದಿನ ತಾನಾಗಿ ತಿಳಿಯಾಗುತ್ತದೆ. ಮನಸ್ಸು ಹಗುರಾಗುತ್ತದೆ. ಮೂತ್ರಕೋಶದ ಕ್ಯಾನ್ಸರ್ ಬರುವ ರೀತಿಯೇ ಇದು. ರಕ್ತ ಬಂದು ನಿಲ್ಲುತ್ತದೆ, ವಾರಗಳೋ ತಿಂಗಳುಗಳೋ ಬಿಟ್ಟು ಮತ್ತೆ ಬರುತ್ತದೆ. 40 ದಾಟಿದವರಲ್ಲಿ, ಧೂಮಪಾನ ಮಾಡುವವರಲ್ಲಿ ಅಥವಾ ಹಿಂದೆ ಮಾಡುತ್ತಿದ್ದವರಲ್ಲಿ, ಬಣ್ಣ ಮತ್ತು ರಬ್ಬರ್ ಕಾರ್ಖಾನೆಗಳ ರಾಸಾಯನಿಕಗಳ ನಡುವೆ ದುಡಿದವರಲ್ಲಿ ಈ ಸಂಶಯವನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಬೇಗ ಸಿಕ್ಕರೆ ಚಿಕಿತ್ಸೆಯಿಂದ ಒಳ್ಳೆಯ ಫಲ ಸಿಗುವ ಕಾಯಿಲೆ ಇದು.

ಎರಡು ಸಬೂಬುಗಳನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ರಕ್ತ ತೆಳುವಾಗಿಸುವ ಮಾತ್ರೆಯಿಂದ ಹೀಗಾಗಿದೆ ಎಂಬುದು ಒಂದು. ಆ ಮಾತ್ರೆ ಇರುವ ಗಾಯದಿಂದ ರಕ್ತ ಸುಲಭವಾಗಿ ಹರಿಯುವಂತೆ ಮಾಡಬಹುದು. ಗಾಯ ಎಲ್ಲಿದೆ ಎಂದು ಹುಡುಕುವ ಕೆಲಸ ಬಾಕಿಯೇ ಇರುತ್ತದೆ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂ ಬೇಡಿ. ಇನ್ನೊಂದು, ಹೆಂಗಸರಿಗೆ ಸೋಂಕು ಸಾಮಾನ್ಯ ಎಂಬುದು. ಕಲ್ಚರ್, ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸದೆ ಮೂರು ನಾಲ್ಕು ಸಲ ಆ್ಯಂಟಿಬಯಾಟಿಕ್ ನುಂಗಿ, ನಂತರ ಬೇರೆಯೇ ಕಾಯಿಲೆ ಪತ್ತೆಯಾದ ಮಹಿಳೆಯರ ಮಾದರಿಗಳು ನನ್ನ ಕೈದಾಟಿ ಹೋಗಿವೆ. ಸೋಂಕಿಗೆ ಚಿಕಿತ್ಸೆಯಾದ ಮೇಲೂ ರಕ್ತ ಉಳಿದಿದ್ದರೆ ಮುಂದಿನ ತಪಾಸಣೆ ಕೇಳಿ ಮಾಡಿಸಿಕೊಳ್ಳಿ.

ಹಂತ 6: ಮಬ್ಬು, ಹಾಲಿನ ಬಿಳುಪು, ನೊರೆ

ಮಬ್ಬಾದ ಮೂತ್ರದಲ್ಲಿ ಕೀವು ಇರಬಹುದು, ಏನೂ ಇಲ್ಲದಿರಲೂಬಹುದು. ಊಟದ ನಂತರ ಫಾಸ್ಫೇಟ್ ಹರಳುಗಳು ಕೂಡಿಕೊಂಡು ಮೂತ್ರ ಕಲಕಿದಂತೆ ಕಾಣುತ್ತದೆ; ತಣ್ಣಗಾದಾಗ ಯೂರೇಟ್ ಹರಳು ಕಟ್ಟುತ್ತದೆ. ಉರಿ, ಜ್ವರ, ದುರ್ವಾಸನೆ ಇಲ್ಲದೆ ಒಂದು ಸಲ ಮಬ್ಬಾದರೆ ಮರುದಿನ ನೋಡಿ. ನಿಜಕ್ಕೂ ಹಾಲಿನಂತಿದ್ದು, ಕೆಲವೊಮ್ಮೆ ಮೊಸರಿನಂತೆ ಹೆಪ್ಪುಗಟ್ಟಿ, ಜಿಡ್ಡಿನ ಊಟದ ನಂತರ ಹೆಚ್ಚಾದರೆ ದುಗ್ಧರಸ (ಕರುಳಿನಿಂದ ಕೊಬ್ಬು ಹೊತ್ತೊಯ್ಯುವ ಹಾಲಿನಂಥ ದ್ರವ) ಮೂತ್ರಕ್ಕೆ ಸೋರುತ್ತಿರಬಹುದು. ಆನೆಕಾಲು ರೋಗ ತರುವ ಹುಳುವೇ ಇದಕ್ಕೂ ಮುಖ್ಯ ಕಾರಣ, ಕಾಲು ಊದಿರಲೇಬೇಕೆಂದಿಲ್ಲ.

ನೊರೆಯ ವಿಷಯದಲ್ಲಿ, ರಭಸದಿಂದ ಬಿದ್ದ ಮೂತ್ರದಲ್ಲಿ ಗುಳ್ಳೆ ಏಳುವುದು ಸಹಜ, ಅವು ಬೇಗ ಒಡೆಯುತ್ತವೆ. ಸೋಪಿನ ನೊರೆಯಂತೆ ಪದರುಪದರಾಗಿ ನಿಂತು, ನೀರು ಹಾಯಿಸಿದರೂ ಉಳಿದು, ದಿನಾ ಹಾಗೇ ಆದರೆ ಪ್ರೋಟೀನ್ ಸೋರುತ್ತಿರಬಹುದು. ಆರೋಗ್ಯವಂತರಲ್ಲಿ ಅದು ದಿನಕ್ಕೆ 150 ಮಿಲಿಗ್ರಾಂ ದಾಟುವುದಿಲ್ಲ. ಕಾಲು ಅಥವಾ ಕಣ್ಣಿನ ಸುತ್ತ ಊತವಿದ್ದರಂತೂ ತಡಮಾಡಬೇಡಿ. ಮಧುಮೇಹ ಅಥವಾ ರಕ್ತದೊತ್ತಡ ಇರುವವರು ನೊರೆ ಕಾಣಲೆಂದು ಕಾಯಬಾರದು. ಸೋರಿಕೆಯ ಮೊದಲ ಹಂತ ಕಣ್ಣಿಗೂ ಕಾಣದು, ಸಾಮಾನ್ಯ ಪಟ್ಟಿಗೂ ಸಿಗದು. ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಎಚ್ಚರ.

ಮೂತ್ರದ ಜೊತೆ ಗಾಳಿ ಗುಳುಗುಳು ಎಂದು ಹೊರಬಂದರೆ ಕರುಳಿಗೂ ಮೂತ್ರಕೋಶಕ್ಕೂ ನಡುವೆ ದಾರಿ ಬಿದ್ದಿರಬಹುದು. ಅಪರೂಪ, ಆದರೂ ಹೇಳಲು ನಾಚಿ ಸುಮ್ಮನಿರಬೇಡಿ.

ಅಪರೂಪದ ಬಣ್ಣಗಳು

ಹಸಿರು, ನೀಲಿ ಹೆಚ್ಚಾಗಿ ಔಷಧ ಅಥವಾ ಬಣ್ಣದ ಪದಾರ್ಥಗಳಿಂದ ಬರುತ್ತವೆ: ಮಿಥಿಲೀನ್ ಬ್ಲೂ, ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಪ್ರೊಪೊಫಾಲ್, ಅಮಿಟ್ರಿಪ್ಟಿಲಿನ್. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲೂ ಹಸಿರು ಕಾಣಬಹುದು. ಬಹುಕಾಲ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿಕೊಂಡ ವೃದ್ಧರ ಮೂತ್ರದ ಚೀಲ ಒಮ್ಮೊಮ್ಮೆ ನೇರಳೆಯಾಗುತ್ತದೆ. ಮನೆಮಂದಿ ಬೆಚ್ಚಿಬೀಳುತ್ತಾರೆ, ಬ್ಯಾಕ್ಟೀರಿಯಾಗಳು ತಯಾರಿಸಿದ ನೀಲಿ ಮತ್ತು ಕೆಂಪು ಬಣ್ಣಗಳ ಬೆರಕೆ ಅದು. ಮಲಬದ್ಧತೆ ಮತ್ತು ಸೋಂಕನ್ನು ವೈದ್ಯರು ನೋಡಬೇಕಾಗುತ್ತದೆ. ತಾಜಾ ಇದ್ದಾಗ ಮಾಮೂಲಾಗಿದ್ದು, ಗಾಳಿಗಿಟ್ಟರೆ ಕಪ್ಪಾಗುವ ಮೂತ್ರ ಅಲ್ಕಾಪ್ಟೋನ್ಯೂರಿಯಾ ಎಂಬ ಆನುವಂಶಿಕ ಕಾಯಿಲೆಯದು. ಇದು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ರೀತಿಯನ್ನು 1902ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ವಿವರಿಸಿದರು.

ಹಂತ 7: ಮಾದರಿಯನ್ನು ಸರಿಯಾಗಿ ಕೊಡಿ

ತೊಳೆದ ಹಳೆಯ ಔಷಧ ಸೀಸೆಯಲ್ಲಿ ತಂದ ಮೂತ್ರದಿಂದ ಸರಿಯಾದ ಉತ್ತರ ಬರುವುದಿಲ್ಲ. ಪ್ರಯೋಗಾಲಯದವರು ಕೊಡುವ ಶುದ್ಧ ಡಬ್ಬಿಯನ್ನೇ ಬಳಸಿ. ಕೈ ತೊಳೆಯಿರಿ, ಆ ಭಾಗವನ್ನು ನೀರಿನಿಂದ ಶುಚಿಮಾಡಿಕೊಳ್ಳಿ. ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿದು, ಕೊನೆಯದನ್ನು ಮತ್ತೆ ಬಿಡಿ. ಡಬ್ಬಿಯ ಒಳಭಾಗವನ್ನು ಮುಟ್ಟಬೇಡಿ. ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಬಿಸಿಯಲ್ಲಿ ಬಿಟ್ಟ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಇಲ್ಲದ ಸೋಂಕು ಕಾಣಿಸುತ್ತದೆ, ಇದ್ದ ರಕ್ತಕಣಗಳು ಒಡೆದುಹೋಗುತ್ತವೆ. ಮುಟ್ಟಿನ ದಿನಗಳಲ್ಲಿ ಸಾಧ್ಯವಾದರೆ ಮುಂದೂಡಿ, ಆಗದಿದ್ದರೆ ಚೀಟಿಯಲ್ಲಿ ಬರೆಸಿ. ವಿಟಮಿನ್ ಸಿ ಮಾತ್ರೆಗಳನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಪಟ್ಟಿಯ ಮೇಲೆ ರಕ್ತದ ಗುರುತನ್ನು ಅದು ಮರೆಮಾಡಬಲ್ಲದು. ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಕಲ್ಚರ್‌ಗೆ ಕೊಡಿ.

ಹಂತ 8: ವರದಿ ಕೈಗೆ ಬಂದ ಮೇಲೆ

ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಕೆಂಪು ಕಣಗಳಿದ್ದರೆ ಕಾರಣ ಹುಡುಕಬೇಕು. ವರದಿ ಮಾಮೂಲಾಗಿದ್ದು, ನೀವು ಕೆಂಪು ಕಂಡಿದ್ದು ನಿಜವಾಗಿದ್ದರೆ ಮೊಬೈಲಿನ ಚಿತ್ರವನ್ನು ತೋರಿಸಿ, ಬರೆದಿಟ್ಟ ಕಾಗದವನ್ನು ಕೊಡಿ. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ ಎಂದು ಅಲ್ಲಿಗೇ ಬಿಡಬೇಡಿ. ಮೂತ್ರಕೋಶದ ಒಳಗೋಡೆಯ ಚಿಕ್ಕ ಗಡ್ಡೆಗಳು ಅದರ ಕಣ್ಣಿಗೆ ತಪ್ಪಬಹುದು. ಸಿಸ್ಟೋಸ್ಕೋಪಿಯಲ್ಲಿ ತೆಳುವಾದ ಕ್ಯಾಮೆರಾ ಒಳಗೆ ಕಳಿಸಿ ನೇರವಾಗಿ ನೋಡುತ್ತಾರೆ. ಹೆಸರು ಕೇಳಿ ಹಿಂಜರಿಯುವವರೇ ಹೆಚ್ಚು. ಮರಗಟ್ಟಿಸುವ ಜೆಲ್ ಹಚ್ಚಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಒಂದೆರಡು ದಿನ ಉರಿ, ತುಸು ನಸುಗೆಂಪು ಇರುತ್ತದೆ.

ಮೂರು ತಿಂಗಳು ಸುಮ್ಮನಿದ್ದವರಿಗೆ ಕೊನೆಗೆ ಆ ಪರೀಕ್ಷೆಯೇ ಆಯಿತು. ಅವರ ಮಾದರಿ ಈಗಲೂ ಕೆಲವು ತಿಂಗಳಿಗೊಮ್ಮೆ ನನ್ನ ಮೇಜಿಗೆ ಬರುತ್ತದೆ. ತಿರುಗಿಸಿ ತೆಗೆದ ನಳಿಕೆಯನ್ನು ಬೆಳಕಿಗೆ ಹಿಡಿದು ಮೊದಲು ತಳವನ್ನು ನೋಡುತ್ತೇನೆ. ಕಳೆದ ಸಲ ಅಲ್ಲಿ ಕೆಂಪು ಇರಲಿಲ್ಲ.